ಅಪ್ಪಯ್ಯನ ಪ್ಲೇಯರಿನಲ್ಲಿ ಒಂಬತ್ತನೇ ಕ್ಯಾಸೆಟ್ಟಿನಿಂದ ಮುಂದೆ ಏನೂ ಕೇಳುತ್ತಿಲ್ಲ, ಕಾರ್ಡ್ ಹಾಳಾಗಿದೆಯೇ?

ಹೊಳೆಸಾಲು:

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರ ತಾಲೂಕಿನವಳು. ಕಂಪ್ಯೂಟರಿನಲ್ಲಿ ಲೆಕ್ಕಪತ್ರ ಬರೆಯುವಷ್ಟು ಬರುತ್ತದೆ, ಅದರಾಚೆಗೆ ಹೆಚ್ಚು ಗೊತ್ತಿಲ್ಲ. ಹಾಗಾಗಿ ಕಂಡದ್ದನ್ನೆಲ್ಲ ಬರೆಯುತ್ತೇನೆ, ಬೇಕಾದ್ದನ್ನು ನೀವು ಆರಿಸಿಕೊಳ್ಳಿ.

ಅಪ್ಪಯ್ಯನ ಹತ್ತಿರ ಅಂಗೈ ಅಗಲದ ಒಂದು ಪ್ಲೇಯರ್ ಇದೆ. ಎಫ್‌ಎಂ ಬರುತ್ತದೆ, ಪೆನ್ ಡ್ರೈವ್ ಹಾಕಬಹುದು, ಪಕ್ಕದಲ್ಲಿ ಟಿಎಫ್ ಎಂದು ಬರೆದ ಕಿಂಡಿಯಲ್ಲಿ ಮೆಮೊರಿ ಕಾರ್ಡ್ ಹಾಕಬಹುದು. ಹಳೇ ಕೀಪ್ಯಾಡ್ ಫೋನುಗಳ ಬಿಎಲ್-5ಸಿ ಬ್ಯಾಟರಿ. ಹಾಡಿನ ಹೆಸರು ಕಾಣುವುದಿಲ್ಲ, ನಂಬರ್ ಮಾತ್ರ ಕೆಂಪಕ್ಷರದಲ್ಲಿ ಬರುತ್ತದೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರೆ ಅದು ಪಕ್ಕದಲ್ಲಿ ಇರಲೇಬೇಕು ಅವರಿಗೆ.

ಕೇಳುವುದು ತಾಳಮದ್ದಳೆ, ವೇಷ ಕುಣಿತವಿಲ್ಲದೆ ಕೂತಲ್ಲೇ ಪದ್ಯ ಹಾಡಿ, ಪಾತ್ರಗಳ ಮಾತು (ಅರ್ಥ) ಹೇಳುವ ಯಕ್ಷಗಾನ. 1980ರ ದಶಕದ ಕೊನೆಯಿಂದ ನಮ್ಮ ಸೀಮೆಯ ದೇವಸ್ಥಾನಗಳಲ್ಲಿ, ಮನೆಗಳ ಜಗುಲಿಯಲ್ಲಿ ನಡೆದ ಕೂಟಗಳನ್ನು ಅಪ್ಪಯ್ಯ ತಾವೇ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ರೆಕಾರ್ಡ್ ಮಾಡಿದ್ದರು. 90 ನಿಮಿಷದ 20 ಕ್ಯಾಸೆಟ್. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಯೂಟ್ಯೂಬಿನಲ್ಲೂ ಇಲ್ಲ. ಅರ್ಥ ಹೇಳಿದವರಲ್ಲಿ ಬಹಳ ಜನ ಈಗ ಇಲ್ಲ. ನಮ್ಮ ದೊಡ್ಡಪ್ಪ ಕರ್ಣನ ಅರ್ಥ ಹೇಳಿದ್ದು ಇರುವುದೂ ಅದರಲ್ಲೇ. ಅವರ ಧ್ವನಿ ನಮ್ಮಲ್ಲಿ ಇನ್ನೆಲ್ಲೂ ಉಳಿದಿಲ್ಲ.

ಕೆಲವು ವರ್ಷದ ಹಿಂದೆ ಪೇಟೆಯಲ್ಲಿ ಒಬ್ಬರಿಗೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದೆವು. ಅವರು 32 ಜಿಬಿ ಕಾರ್ಡಿಗೆ ತುಂಬಿಸಿ ಕೊಟ್ಟರು. ಅವರ ಅಂಗಡಿ ಈಗ ಮುಚ್ಚಿದೆ. ಭಜನೆಗಳನ್ನೂ ಹಾಕಿಸೋಣ ಅಂತ ಈಚೆಗೆ ಬೇರೊಂದು ಕಡೆ ಕಡಿಮೆ ದರಕ್ಕೆ 64 ಜಿಬಿ ಕಾರ್ಡ್ ತಂದೆವು. ಮೊದಲು ಪ್ಲೇಯರ್ ಅದನ್ನು ಓದಲೇ ಇಲ್ಲ. ಮಾರಿದವರೇ ಏನೋ ಮಾಡಿ ಓದುವ ಹಾಗೆ ಮಾಡಿದರು, ಹಳೇ ಕಾರ್ಡಿನಿಂದ ಇದಕ್ಕೆ ಕಾಪಿಯನ್ನೂ ಮಾಡಿಕೊಟ್ಟರು. ಭಜನೆ ಫೋಲ್ಡರನ್ನು ಆಮೇಲೆ ನಾನು ಸೇರಿಸಿದೆ.

ಈಗಿನ ತೊಂದರೆ: ಎಂಟನೇ ಕ್ಯಾಸೆಟ್ಟಿನವರೆಗೆ ಚೊಕ್ಕ ಕೇಳುತ್ತದೆ. ಒಂಬತ್ತನೆಯದರ ಎ ಬದಿ ಅರ್ಧ ಗಂಟೆ ಹಾಡಿ, ಭಾಗವತರು ಪದ್ಯ ಎತ್ತಿಕೊಂಡ ನಡುವೆಯೇ ನಿಶ್ಶಬ್ದ. ಅದರ ಮುಂದಿನ ನಂಬರುಗಳು ಮಿಂಚಿ ಮಿಂಚಿ ಹಾರಿಹೋಗಿ ಮತ್ತೆ ಒಂದನೇ ನಂಬರಿಗೆ ಬರುತ್ತದೆ. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ 40 ಫೈಲೂ ಇವೆ, ಒಂದೊಂದೂ 454 ಎಂಬಿ ಆಸುಪಾಸು ತೋರಿಸುತ್ತದೆ. ಆದರೆ 9ಬಿ ಇಂದ ಮುಂದಿನವು ತೆರೆಯುವುದಿಲ್ಲ. ಭಜನೆ ಫೋಲ್ಡರ್ ತೆರೆದರೆ ಖಾಲಿ. ಹಾಕಿದ ದಿನ ಲ್ಯಾಪ್‌ಟಾಪಿನಲ್ಲಿ ಎಲ್ಲಾ ಭಜನೆ ಕಂಡಿದ್ದವು!

ಪ್ಲೇಯರ್ ಕೆಟ್ಟಿದೆಯೋ, ಕಾರ್ಡ್ ಕೆಟ್ಟಿದೆಯೋ? ಹಳೇ ಕಾರ್ಡನ್ನು ಅಣ್ಣನ ಮಗ ತನ್ನ ಫೋನಿಗೆ ಹಾಕಿಕೊಂಡಿದ್ದಾನೆ, ಹಾಕುವಾಗ ಫೋನೇ ಕೇಳಿತೆಂದು ಫಾರ್ಮ್ಯಾಟ್ ಆಗಿದೆ. ಅಪ್ಪಯ್ಯನಿಗೆ ಇನ್ನೂ ಪೂರ್ತಿ ಹೇಳಿಲ್ಲ. ದಯವಿಟ್ಟು ದಾರಿ ತೋರಿಸಿ.

ರಾಗಮಾಲೆ:

ಇದು ಮಾಮೂಲಿ ಸಮಸ್ಯೆ ಮೇಡಂ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಡಿ, ಮತ್ತೆ ಹಾಡು ಹಾಕಿ. ನನ್ನ ಪ್ಲೇಯರಿನಲ್ಲಿ ಹೀಗಾದಾಗಲೆಲ್ಲ ಅದರಿಂದಲೇ ಸರಿಹೋಗಿದೆ. ಆಗದಿದ್ದರೆ ವಿಂಡೋಸಿನಲ್ಲೇ ಇರುವ, ಡಿಸ್ಕಿನ ದೋಷ ಹುಡುಕಿ ತಿದ್ದುವ ಚೆಕ್‌ಡಿಸ್ಕ್ ಓಡಿಸಿ ನೋಡಿ.

ಕಟ್ಟೆರೇಡಿಯೋ:

ತಂಗೀ, ಫಾರ್ಮ್ಯಾಟ್ ಮಾಡಬೇಡಿ. ಚೆಕ್‌ಡಿಸ್ಕೂ ಬೇಡ. ಆ ಕಾರ್ಡನ್ನು ಪ್ಲೇಯರಿಗೂ ಹಾಕಬೇಡಿ ಸದ್ಯಕ್ಕೆ. ಮೊದಲು ಇಷ್ಟು ಮಾಡಿ, ಉಳಿದದ್ದನ್ನು ಆಮೇಲೆ ಓದಿ.

ರಾಗಮಾಲೆಯವರು ಹೇಳಿದ್ದು ಸಿನಿಮಾ ಹಾಡು ತುಂಬಿದ ಕಾರ್ಡಿಗೆ ಸರಿ. ಹೋದರೆ ಇನ್ನೊಮ್ಮೆ ಹಾಕಿಕೊಳ್ಳಬಹುದು. ಇಲ್ಲಿ ಇನ್ನೊಮ್ಮೆ ಹಾಕಲು ಮೂಲವೇ ಇಲ್ಲ. ಚೆಕ್‌ಡಿಸ್ಕ್ ಕಾರ್ಡಿನ ಮೇಲೆಯೇ ಬರೆಯುತ್ತದೆ, ತನಗೆ ಅರ್ಥವಾಗದ ತುಂಡುಗಳನ್ನು ಫೌಂಡ್ ಎಂಬ ಫೋಲ್ಡರಿಗೆ ದೂಡಿ ಹೆಸರು ಬದಲಿಸುತ್ತದೆ. ಕಾಪಿ ತೆಗೆಯುವ ಮುಂಚೆ ರಿಪೇರಿಗೆ ಕೈ ಹಾಕಬಾರದು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಜಗಳ ಮಾಡಿಯಾದರೂ ಹೇಳುತ್ತೇನೆ.

ನನ್ನದು ಸಾಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕೀಪ್ಯಾಡ್ ಫೋನಿನ ಕಾಲದಲ್ಲಿ ಸಂತೆ ದಿನ ಜನ ಸಾಲುಗಟ್ಟಿ ಕಾರ್ಡ್ ಕೊಟ್ಟು ಹಾಡು ಹಾಕಿಸಿಕೊಂಡು ಹೋಗುತ್ತಿದ್ದರು. ಎಷ್ಟು ಬಗೆಯ ಕಾರ್ಡ್ ಕೆಡುವುದನ್ನು ನೋಡಿದ್ದೇನೋ ಲೆಕ್ಕವಿಲ್ಲ. ನೀವು ಬರೆದ ವಿವರ ಇಷ್ಟು ಸ್ಪಷ್ಟವಾಗಿದೆ ಎಂದರೆ, ಕಾರ್ಡನ್ನು ನೋಡದೆಯೇ ಲೆಕ್ಕ ಹಾಕಬಹುದು. ಹಾಕೋಣ.

45 ನಿಮಿಷದ ಒಂದು ಬದಿ 454 ಎಂಬಿ ಇದೆ ಎಂದರೆ ಅದು ಎಂಪಿ3 ಅಲ್ಲ, ಏನೂ ಕುಗ್ಗಿಸದ ವೇವ್ ಫೈಲ್. ಸಿಡಿ ಗುಣಮಟ್ಟದ ವೇವ್ ಸೆಕೆಂಡಿಗೆ 1,76,400 ಬೈಟ್ ತಿನ್ನುತ್ತದೆ, 45 ನಿಮಿಷಕ್ಕೆ ಗುಣಿಸಿದರೆ ನಿಮ್ಮ 454 ಎಂಬಿಯೇ ಬರುತ್ತದೆ. ಕಂಪ್ಯೂಟರಿಗೆ ಹಾಕಿದವರು ಒಳ್ಳೇ ಕೆಲಸ ಮಾಡಿದ್ದಾರೆ, ಅವರಿಗೆ ನನ್ನದೊಂದು ನಮಸ್ಕಾರ.

ಎಂಟು ಕ್ಯಾಸೆಟ್ ಎಂದರೆ 16 ಫೈಲ್. ಅವು ಪೂರ್ತಿ ಸರಿ ಇವೆ. 17ನೆಯ ಫೈಲ್ ಅರ್ಧ ಗಂಟೆ ಸರಿ ಇದೆ. ಅಂದರೆ 45ರಲ್ಲಿ ಸುಮಾರು 30 ನಿಮಿಷ, ಹದಿನಾರೂ ಮುಕ್ಕಾಲು ಫೈಲಿಗೆ ಸ್ವಲ್ಪ ಕಡಿಮೆ. 16.7ನ್ನು 454ರಿಂದ ಗುಣಿಸಿದರೆ ಹೆಚ್ಚುಕಡಿಮೆ 7,580 ಎಂಬಿ. ಅದನ್ನು 1,024ರಿಂದ ಭಾಗಿಸಿ: 7.4 ಜಿಬಿ. 8 ಜಿಬಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ತೋರಿಸುವುದು ಎಷ್ಟು ಗೊತ್ತೇ? 7.4 ಜಿಬಿ.

ನಿಮಗೆ ಮಾರಿದ್ದು 64 ಜಿಬಿ ಅಲ್ಲ. 8 ಜಿಬಿ ಕಾರ್ಡಿಗೆ 64 ಎಂದು ಅಚ್ಚು ಹಾಕಿದ್ದಾರೆ. ಅಚ್ಚು ಮಾತ್ರವಲ್ಲ, ಕಾರ್ಡಿನ ಒಳಗಿನ ಪುಟ್ಟ ಕಂಟ್ರೋಲರ್ ಚಿಪ್ ಇರುತ್ತದಲ್ಲ, ‘ನಿನ್ನಲ್ಲಿ ಎಷ್ಟು ಜಾಗ ಇದೆ’ ಎಂದು ಕಂಪ್ಯೂಟರ್ ಕೇಳಿದರೆ ಉತ್ತರ ಕೊಡುವುದು ಅದೇ. ಅದರಲ್ಲೇ ಸುಳ್ಳು ಲೆಕ್ಕ ತುಂಬಿರುತ್ತಾರೆ. ಕಂಪ್ಯೂಟರ್ ಅದನ್ನು ನಂಬುತ್ತದೆ. 8 ತುಂಬಿದ ಮೇಲೆ ಬಂದದ್ದನ್ನು ಕಾರ್ಡ್ ‘ಆಯ್ತು, ಬರೆದೆ’ ಎನ್ನುತ್ತದೆ, ಎಲ್ಲಿಯೂ ಬರೆದಿರುವುದಿಲ್ಲ. ಎರರ್ ಬರುವುದೇ ಇಲ್ಲ, ಅದೇ ಇದರ ದೊಡ್ಡ ಮೋಸ. ಮಾರಿದವರಿಗೂ ಗೊತ್ತಿರಲಿಕ್ಕಿಲ್ಲ, ಅವರೂ ಎಲ್ಲಿಂದಲೋ ಡಬ್ಬಿಗಟ್ಟಲೆ ತಂದಿರುತ್ತಾರೆ.

ನಿಮ್ಮ ಉಳಿದ ಗೊಂದಲಗಳೂ ಇದರಲ್ಲೇ ಬಗೆಹರಿಯುತ್ತವೆ. ಫೈಲಿನ ಹೆಸರು, ಅಳತೆ ಇವುಗಳ ಪಟ್ಟಿ ಇರುವುದು ಕಾರ್ಡಿನ ಮೊದಲ ಭಾಗದಲ್ಲಿ, ಅದು ನಿಜವಾದ 8 ಜಿಬಿಯ ಒಳಗೇ ಬಂತು. ಹಾಗಾಗಿ 40 ಹೆಸರೂ ಕಾಣುತ್ತವೆ. ಭಜನೆ ಫೋಲ್ಡರ್ ಕೊನೆಗೆ ಮಾಡಿದ್ದು. ಅದರ ಒಳಗಿನ ಪಟ್ಟಿಯೇ ಇಲ್ಲದ ಜಾಗಕ್ಕೆ ಹೋಗಿ ಬಿತ್ತು, ಅದಕ್ಕೇ ಖಾಲಿ. ಹಾಕಿದ ದಿನ ಕಂಡದ್ದು ಲ್ಯಾಪ್‌ಟಾಪ್ ತನ್ನ ನೆನಪಿನಲ್ಲಿ ಇಟ್ಟುಕೊಂಡದ್ದನ್ನು, ಕಾರ್ಡ್ ತೆಗೆದು ಹಾಕಿದಾಗ ನಿಜ ಬಯಲಾಯಿತು.

ಪ್ಲೇಯರ್ ಮೊದಲು ಓದದಿದ್ದದ್ದು ಬೇರೆಯೇ ಕಾರಣಕ್ಕೆ. 32 ಜಿಬಿಯವರೆಗಿನ ಕಾರ್ಡ್ ಫ್ಯಾಟ್32 ಎಂಬ, ಫೈಲುಗಳನ್ನು ಜೋಡಿಸಿಡುವ ಪದ್ಧತಿಯಲ್ಲಿ ಬರುತ್ತದೆ. ಅದಕ್ಕಿಂತ ದೊಡ್ಡವನ್ನು ಎಸ್‌ಡಿಎಕ್ಸ್‌ಸಿ ಎನ್ನುತ್ತಾರೆ, 2009ರಲ್ಲಿ ಗೊತ್ತುಮಾಡಿದ ಆ ನಿಯಮದ ಪ್ರಕಾರ ಅವು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಇಂಥ ಸಣ್ಣ ಪ್ಲೇಯರುಗಳಿಗೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ. ಅಂಗಡಿಯವರು ಅದನ್ನು ಫ್ಯಾಟ್32ಕ್ಕೆ ಬದಲಿಸಿದ್ದಾರೆ. ವಿಂಡೋಸಿನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಕೊಡುವುದಿಲ್ಲ, ಬೇರೆ ಸಲಕರಣೆ ಬಳಸಿರಬೇಕು. ಅದರಲ್ಲಿ ತಪ್ಪೇನಿಲ್ಲ. ನಿಮ್ಮ ಪ್ಲೇಯರ್ ಚೆನ್ನಾಗಿಯೇ ಇದೆ.

ಈಗ ಮಾಡಬೇಕಾದ್ದು. 1ರಿಂದ 8ರವರೆಗಿನ ಫೈಲುಗಳನ್ನೂ 9ಎಯನ್ನೂ ಲ್ಯಾಪ್‌ಟಾಪಿಗೆ ಕಾಪಿ ಮಾಡಿ. ಕಟ್ ಅಲ್ಲ, ಕಾಪಿ. ಇನ್ನೊಂದು ಕಾಪಿ ಬೇರೆ ಪೆನ್ ಡ್ರೈವಿಗೆ. ಪ್ರತಿಯೊಂದನ್ನೂ ಮೊದಲಲ್ಲಿ, ನಡುವೆ, ಕೊನೆಯಲ್ಲಿ ಕೇಳಿ ನೋಡಿ. ಆಮೇಲೆ ಬೇಕಿದ್ದರೆ ನನ್ನ ಲೆಕ್ಕ ಸರಿಯೋ ಅಂತ ಪರೀಕ್ಷೆ ಮಾಡಬಹುದು. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಪ್ರೋಗ್ರಾಂ ಇದೆ, ಜರ್ಮನಿಯ ಕಂಪ್ಯೂಟರ್ ಪತ್ರಿಕೆಯೊಂದರ ಕಡೆಯಿಂದ ಬಂದದ್ದು. ತೆರೆದಾಗ ಜರ್ಮನ್ ಭಾಷೆ ಬರುತ್ತದೆ, ಇಂಗ್ಲಿಷ್ ಆರಿಸಿಕೊಳ್ಳಿ. ಕಾರ್ಡಿನಲ್ಲಿ ಖಾಲಿ ಇರುವಷ್ಟಕ್ಕೂ ತನ್ನದೇ ಫೈಲ್ ತುಂಬಿ, ಅದನ್ನು ವಾಪಸ್ ಓದಿ ತಾಳೆ ನೋಡುತ್ತದೆ. ಒಂದೆರಡು ಗಂಟೆಗೂ ಹೆಚ್ಚು ಬೇಕು. ಕಾಪಿ ತೆಗೆಯದೆ ಮಾತ್ರ ಇದನ್ನು ಓಡಿಸಬೇಡಿ: ಕೆಲವು ನಕಲಿ ಕಾರ್ಡುಗಳು ಜಾಗ ಮುಗಿದ ಮೇಲೆ ಸುತ್ತಿ ಬಂದು ಮೊದಲಿನದರ ಮೇಲೆಯೇ ಬರೆಯುತ್ತವೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು: ಅಣ್ಣನ ಮಗನಿಗೆ ಈಗಲೇ ಫೋನ್ ಮಾಡಿ. ಹಳೇ ಕಾರ್ಡನ್ನು ಫೋನಿನಿಂದ ತೆಗೆದಿಡಲಿ. ಇನ್ನು ಒಂದು ಫೋಟೋ ಕೂಡ ಅದಕ್ಕೆ ಹೋಗಬಾರದು. 9ರಿಂದ 20 ಬದುಕಿದ್ದರೆ ಅದರಲ್ಲೇ ಬದುಕಿರಬೇಕು.

ಹೊಳೆಸಾಲು:

ಅಣ್ಣಾ, ನೀವು ಬರೆದದ್ದನ್ನು ಓದಿ ಮೊದಲು ಅಣ್ಣನ ಮನೆಗೇ ಹೋಗಿ ಕಾರ್ಡ್ ತಂದೆ. ಈಗ ಅದು ದೇವರ ಗೂಡಿನಲ್ಲಿದೆ.

1ರಿಂದ 8 ಮತ್ತು 9ಎ ಕಾಪಿ ಆಯಿತು, ಎರಡು ಕಡೆ ಇಟ್ಟಿದ್ದೇನೆ. ಎಲ್ಲವನ್ನೂ ಕೇಳಿ ನೋಡಿದೆ. 9ಎ ನಿಲ್ಲುವುದು 31ನೇ ನಿಮಿಷದಲ್ಲಿ. ಆಮೇಲೆ ಕಾರ್ಡನ್ನು ಖಾಲಿ ಮಾಡಿ ನೀವು ಹೇಳಿದ ಪರೀಕ್ಷೆ ಓಡಿಸಿದೆ. ಸಂಜೆ ಶುರುಮಾಡಿದ್ದು ಊಟದ ಹೊತ್ತಿಗೂ ಮುಗಿದಿರಲಿಲ್ಲ. ಕೊನೆಗೆ ಕೆಂಪಕ್ಷರದಲ್ಲಿ ಬಂತು: 7.4 ಜಿಬಿ ಸರಿ, 52 ಜಿಬಿ ಕಳೆದುಹೋಗಿದೆ ಎಂದು. ನೀವು ಹೇಳಿದಷ್ಟೇ! ಸಿಟ್ಟೂ ಬಂತು, ಪ್ಲೇಯರ್ ಸರಿ ಇದೆಯಲ್ಲ ಎಂದು ಸಮಾಧಾನವೂ ಆಯಿತು.

ಅಪ್ಪಯ್ಯನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ದಾದಂದು ಎಷ್ಟನೇದ್ರಲ್ಲಿತ್ತು’ ಅಂತ ಕೇಳಿದರು. ದೊಡ್ಡಪ್ಪನನ್ನು ಅವರು ದಾದ ಎನ್ನುವುದು. ಹದಿನಾಲ್ಕರಲ್ಲಿ.

ಹಳೇ ಕಾರ್ಡಿಗೆ ಏನು ಮಾಡಬೇಕು? ಅದಕ್ಕೆ ಹೋದದ್ದು ಎಷ್ಟೆಂದು ಹುಡುಗನಿಗೆ ಸರಿಯಾಗಿ ಗೊತ್ತಿಲ್ಲ. ವಿಡಿಯೋಗಳನ್ನು ತೆಗೆದಿದ್ದಾನೆ, ಕೆಲವನ್ನು ಅಳಿಸಿದ್ದಾನೆ.

ಪೆಂಗ್ವಿನ್ ಕೋಟೆ:

ಬೆಂಗಳೂರಿನಲ್ಲಿ ಸರ್ವರ್‌ಗಳ ಕೆಲಸ ನನ್ನದು, ಕಳೆದುಹೋದ ಡಿಸ್ಕುಗಳ ಜತೆ ಗುದ್ದಾಡುವುದು ರೂಢಿ. ಇಲ್ಲಿಂದ ಮುಂದಿನ ಭಾಗ ನಾನು ಹೇಳುತ್ತೇನೆ.

ಮೊದಲು ಹುಡುಗನನ್ನು ಒಂದು ಕೇಳಿ: ಫಾರ್ಮ್ಯಾಟ್ ಮಾಡುವಾಗ ಫೋನಿನಲ್ಲಿ ‘ಪೋರ್ಟಬಲ್’ ಎಂದು ಆರಿಸಿದ್ದೋ, ‘ಇಂಟರ್ನಲ್ ಸ್ಟೋರೇಜ್’ ಎಂದೋ. ಎರಡನೆಯದಾದರೆ ಆಂಡ್ರಾಯ್ಡ್ ಕಾರ್ಡನ್ನು ಬೇರೆಯೇ ರೀತಿ ವಿಂಗಡಿಸಿ, ಹಾಕಿದ್ದನ್ನೆಲ್ಲ ಗೂಢಲಿಪಿ ಮಾಡಿ ಬರೆಯುತ್ತದೆ, ಆಗ ಕೆಲಸ ಕಷ್ಟ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದಾಗ ಅವನ ಫೋಟೋಗಳು ಸಲೀಸಾಗಿ ಕಂಡರೆ ಪೋರ್ಟಬಲ್ ಎಂದೇ ಅರ್ಥ. ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ಬೇಡ ಎನ್ನಿ.

ಫಾರ್ಮ್ಯಾಟ್ ಎಂದರೆ ಸಾಮಾನ್ಯವಾಗಿ ಪಟ್ಟಿ ಮಾತ್ರ ಹೊಸದಾಗುತ್ತದೆ, ಧ್ವನಿಯ ಬೈಟುಗಳು ತಮ್ಮ ಜಾಗದಲ್ಲೇ ಕೂತಿರುತ್ತವೆ, ಯಾರಾದರೂ ಮೇಲೆ ಬರೆಯುವ ತನಕ. ಫೋನು ಫ್ಯಾಟ್32 ಕಾರ್ಡಿಗೆ ಬರೆಯುವಾಗ ಮೊದಲಿನಿಂದ ಶುರುಮಾಡಿ ಮುಂದೆ ಮುಂದೆ ಹೋಗುತ್ತದೆ. ಹಾಗಾಗಿ ನಿಮ್ಮಲ್ಲಿ ಅಳಿದಿರುವುದು ಹೆಚ್ಚಾಗಿ ಮೊದಲ ಕ್ಯಾಸೆಟ್ಟುಗಳು. ಅವು ನಕಲಿ ಕಾರ್ಡಿನಿಂದ ಸಿಕ್ಕಾಗಿದೆ. ಹದಿನಾಲ್ಕನೆಯದು ಸಿಗುವ ಸಾಧ್ಯತೆ ಚೆನ್ನಾಗಿದೆ.

ನೇರ ಕಾರ್ಡಿನ ಮೇಲೆ ಪ್ರಯೋಗ ಮಾಡಬೇಡಿ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತನ್ನಿ, ಕನಿಷ್ಠ 60 ಜಿಬಿ ಖಾಲಿ ಇರಲಿ. ವಿಂಡೋಸಿನಲ್ಲಿ ವಿನ್32 ಡಿಸ್ಕ್ ಇಮೇಜರ್ ಎಂಬುದರಿಂದ ಇಡೀ ಕಾರ್ಡನ್ನು ಒಂದೇ ಇಮೇಜ್ ಫೈಲಾಗಿ, ಎಂದರೆ ಕಾರ್ಡಿನ ಯಥಾಪ್ರತಿಯಾಗಿ, ಓದಿಸಿ. ‘ರೀಡ್’ ಒತ್ತಬೇಕು. ‘ರೈಟ್’ ಒತ್ತಿದರೆ ಎಲ್ಲ ಮುಗಿಯಿತು, ಆ ಗುಂಡಿಯ ಹತ್ತಿರ ಕೈ ಹೋಗದಿರಲಿ. ಓದುವಾಗ ಎಲ್ಲಾದರೂ ಎರರ್ ಬಂದು ನಿಂತರೆ ಹೇಳಿ, ಲಿನಕ್ಸಿನ ಡಿಡಿರೆಸ್ಕ್ಯೂ ಬಳಸೋಣ, ಅದು ಕೆಟ್ಟ ಜಾಗವನ್ನು ಗುರುತು ಹಾಕಿ ದಾಟಿ ಹೋಗಿ ಕೊನೆಗೆ ಮತ್ತೆ ಬಂದು ಪ್ರಯತ್ನಿಸುತ್ತದೆ.

ಇಮೇಜ್ ಸಿಕ್ಕ ಮೇಲೆ ಫೋಟೋರೆಕ್, ಅಳಿದ ಫೈಲುಗಳನ್ನು ಹುಡುಕಿ ತೆಗೆಯುವ ಪ್ರೋಗ್ರಾಂ. ಹೆಸರು ಫೋಟೋ ಎಂದಿದ್ದರೂ ನೂರಾರು ಬಗೆಯ ಫೈಲ್ ಹುಡುಕುತ್ತದೆ. ಇಮೇಜ್ ಫೈಲನ್ನೇ ಅದಕ್ಕೆ ಕೊಡಿ. ಫೈಲ್ ಬಗೆಗಳ ಪಟ್ಟಿಯಲ್ಲಿ ಎಲ್ಲವನ್ನೂ ತೆಗೆದುಹಾಕಿ ‘ರಿಫ್’ ಒಂದನ್ನೇ ಆರಿಸಿ, ವೇವ್ ಬರುವುದು ಆ ಗುಂಪಿನಲ್ಲಿ. ಸಿಕ್ಕಿದ್ದನ್ನು ಹಾರ್ಡ್ ಡಿಸ್ಕಿನ ಬೇರೆ ಫೋಲ್ಡರಿಗೆ ಉಳಿಸಿ. ವೇವ್ ಫೈಲಿನ ತಲೆಯಲ್ಲೇ ತನ್ನ ಉದ್ದ ಎಷ್ಟು ಎಂದು ಬರೆದಿರುತ್ತದೆ, ನಿಮ್ಮವು ಒಂದೇ ಸಲ ಸಾಲಾಗಿ ತುಂಬಿದವು, ತುಂಡಾಗಿರಲಿಕ್ಕಿಲ್ಲ. ಇಂಥ ಫೈಲುಗಳು ಚೆನ್ನಾಗಿ ವಾಪಸಾಗುತ್ತವೆ.

ಹಳೇ ಹೆಸರುಗಳು ಬರುವುದಿಲ್ಲ. ಎಫ್ ಅಕ್ಷರದ ಮುಂದೆ ಒಂದು ದೊಡ್ಡ ಸಂಖ್ಯೆ ಇರುತ್ತದೆ. ಆದರೆ ಆ ಸಂಖ್ಯೆ ಕಾರ್ಡಿನಲ್ಲಿ ಫೈಲ್ ಶುರುವಾಗುವ ಜಾಗದ್ದು. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದರೆ ಕ್ಯಾಸೆಟ್ಟಿನ ಕ್ರಮವೇ ಸಿಗಬೇಕು.

ಹೊಳೆಸಾಲು:

ಸಿಕ್ಕಿತು!

ಪೋರ್ಟಬಲ್ ಆಗಿಯೇ ಇತ್ತು. ಇಮೇಜ್ ಎಲ್ಲೂ ನಿಲ್ಲದೆ ಬಂತು. ಫೋಟೋರೆಕ್ ಕಪ್ಪು ಪರದೆಯಲ್ಲಿ ಎಣಿಸುತ್ತಾ ಹೋಗುವಾಗ ನಾನೂ ಆಯಿಯೂ ಮುಂದೆ ಕೂತಿದ್ದೆವು. ಒಟ್ಟು 20 ವೇವ್ ಬಂತು, ಅಷ್ಟೂ 454 ಎಂಬಿ ಹತ್ತಿರದವು. ಸಂಖ್ಯೆ ಪ್ರಕಾರ ಜೋಡಿಸಿ ಮೊದಲನೆಯದನ್ನು ಹಾಕಿದೆ. ಅಪ್ಪಯ್ಯ ಸುಲಿಯುವುದನ್ನು ಬಿಟ್ಟು ಒಳಗೆ ಬಂದವರು ಮದ್ದಳೆ ಶ್ರುತಿ ಮಾಡುವ ಸದ್ದಿಗೇ ‘ಇದು ಹನ್ನೊಂದರ ಎ, ನಮ್ಮನೆ ಜಗುಲಿ’ ಎಂದರು. ಇನ್ನೂ ಒಬ್ಬರೂ ಮಾತು ಶುರುಮಾಡಿರಲಿಲ್ಲ. ಉಳಿದವನ್ನೂ ಒಂದೊಂದಾಗಿ ಹಾಕಿದೆ, ಅವರು ಹೇಳಿದ್ದಕ್ಕೂ ಫೈಲಿನ ಕ್ರಮಕ್ಕೂ ಎಲ್ಲಿಯೂ ವ್ಯತ್ಯಾಸ ಬರಲಿಲ್ಲ. ಹನ್ನೊಂದರಿಂದ ಇಪ್ಪತ್ತು ಪೂರ್ತಿ ಇವೆ. ಹದಿನಾಲ್ಕೂ ಇದೆ. ಅದನ್ನು ಪೂರ್ತಿ ಕೇಳಿಯೇ ಊಟಕ್ಕೆ ಎದ್ದೆವು. ಕರ್ಣ ಶಲ್ಯನಿಗೆ ಉತ್ತರ ಕೊಡುವ ಜಾಗದಲ್ಲಿ ದೊಡ್ಡಪ್ಪ ಒಂದು ಕ್ಷಣ ಕೆಮ್ಮಿ ಮತ್ತೆ ಅದೇ ಎತ್ತರದಲ್ಲಿ ಹಿಡಿಯುತ್ತಾರೆ. ಆ ಕೆಮ್ಮೂ ಹಾಗೇ ಇದೆ. ನಿಮ್ಮಿಬ್ಬರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ.

ಇಲ್ಲದ್ದು 9ಎ ಕೊನೆಯ ಭಾಗ, 9ಬಿ, ಹತ್ತರ ಎರಡೂ ಬದಿ. ಅಟ್ಟದ ಮೇಲೆ ಹುಡುಕಿದೆ. ಮಳೆಗಾಲದಲ್ಲಿ ಹೆಂಚು ಸೋರಿ ಕ್ಯಾಸೆಟ್ಟಿನ ಪೆಟ್ಟಿಗೆಯಲ್ಲಿ ಬಹಳಷ್ಟು ಹಾಳಾಗಿವೆ. ಒಂಬತ್ತು ಸಿಕ್ಕಿದೆ, ಆದರೆ ನಡುವೆ ಇರುವ ಚಿಕ್ಕ ಹತ್ತಿಯಂಥ ತುಂಡು ಬಿದ್ದುಹೋಗಿದೆ. ಹತ್ತೂ ಸಿಕ್ಕಿದೆ, ಟೇಪಿನ ಅಂಚಿನಲ್ಲಿ ಬಿಳೀ ಬೂಷ್ಟು ಕಾಣುತ್ತದೆ. ಇವುಗಳಿಂದ ಏನಾದರೂ ಆದೀತೇ?

ಮತ್ತೊಂದು. ಇನ್ನು ಅಪ್ಪಯ್ಯನ ಪ್ಲೇಯರಿಗೆ ಎಂಥ ಕಾರ್ಡ್ ಹಾಕಲಿ? ಮೊದಲಿನಿಂದಲೂ ನಂಬರುಗಳು ಹಿಂದುಮುಂದಾಗಿ ಬರುತ್ತಿದ್ದವು, ಚಂಡೆ ಜೋರಾದಾಗ ಒಮ್ಮೊಮ್ಮೆ ಆಫ್ ಆಗಿ ಒಂದನೇ ನಂಬರಿಗೆ ಹೋಗುತ್ತಿತ್ತು. ಅದೂ ಕಾರ್ಡಿನ ದೋಷವೇ?

ಕಟ್ಟೆರೇಡಿಯೋ:

ತಂಗೀ, ಓದಿ ಬಹಳ ಸಂತೋಷವಾಯಿತು. ಅಂಗಡಿಯಲ್ಲಿ ಗಿರಾಕಿ ಇದ್ದರು, ಅವರಿಗೂ ಓದಿ ಹೇಳಿದೆ.

ಚಂಡೆಗೆ ಆಫ್ ಆಗುವುದು ಕಾರ್ಡಿನದ್ದಲ್ಲ, ಬ್ಯಾಟರಿಯದು. ದೊಡ್ಡ ಸದ್ದಿಗೆ ಸ್ಪೀಕರ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ, ಹಳೇ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಪ್ಲೇಯರ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬ್ಯಾಟರಿಯನ್ನು ಮೇಜಿನ ಮೇಲೆ ಇಟ್ಟು ಬೆರಳಲ್ಲಿ ತಿರುಗಿಸಿ ನೋಡಿ. ಬುಗುರಿ ಹಾಗೆ ತಿರುಗಿದರೆ ಹೊಟ್ಟೆ ಉಬ್ಬಿದೆ ಎಂದರ್ಥ, ತಡಮಾಡದೆ ಬದಲಿಸಿ.

ನಂಬರ್ ಹಿಂದುಮುಂದಾಗುವುದಕ್ಕೆ ಕಾರಣ, ಈ ಪ್ಲೇಯರುಗಳು ಹೆಸರು ನೋಡಿ ಜೋಡಿಸುವುದಿಲ್ಲ. ಕಾರ್ಡಿನ ಪಟ್ಟಿಯಲ್ಲಿ ಯಾವುದು ಮೊದಲು ಬರೆಯಲ್ಪಟ್ಟಿದೆಯೋ ಅದೇ ಒಂದನೇ ನಂಬರ್. ಖಾಲಿ ಕಾರ್ಡಿಗೆ ಫೈಲುಗಳನ್ನು ಒಂದೊಂದಾಗಿ ಕ್ರಮದಲ್ಲಿ ಹಾಕಿದರೆ ಸಾಕು. ಆಗಲೇ ತುಂಬಿದ ಕಾರ್ಡಾದರೆ ವಿಂಡೋಸಿಗೆ ಡ್ರೈವ್‌ಸಾರ್ಟ್, ಲಿನಕ್ಸಿಗೆ ಫ್ಯಾಟ್‌ಸಾರ್ಟ್ ಇದೆ, ಪಟ್ಟಿಯನ್ನೇ ಹೆಸರಿನ ಪ್ರಕಾರ ಸಾಲು ಮಾಡುತ್ತವೆ. ಹೆಸರನ್ನು 01, 02 ಎಂದೇ ಶುರುಮಾಡಿ. 1, 10, 11, 2 ಎಂದು ಬರುವ ಕಿರಿಕಿರಿ ತಪ್ಪುತ್ತದೆ.

ಕಾರ್ಡ್ ದೊಡ್ಡದು ಬೇಕಿಲ್ಲ. 20 ಕ್ಯಾಸೆಟ್ ಎಂದರೆ 30 ಗಂಟೆ. 128 ಕೆಬಿಪಿಎಸ್ ಎಂಪಿ3 ಮಾಡಿದರೆ ಗಂಟೆಗೆ 58 ಎಂಬಿ ಹತ್ತಿರ, ಎಲ್ಲಾ ಸೇರಿ ಎರಡು ಜಿಬಿಯೂ ಆಗುವುದಿಲ್ಲ. ತಾಳಮದ್ದಳೆಯ ಮಾತಿಗೆ, ಆ ಸಣ್ಣ ಸ್ಪೀಕರಿಗೆ ಅದು ಧಾರಾಳ. ಅಂಗಡಿಯಲ್ಲಿ ಬಿಲ್ ಕೊಡುವ ಕಡೆ 16 ಅಥವಾ 32 ಜಿಬಿಯ ಒಂದು ಕಾರ್ಡ್ ತಗೊಳ್ಳಿ, ಮನೆಗೆ ತಂದ ಕೂಡಲೇ, ಏನನ್ನೂ ಹಾಕುವ ಮೊದಲು ಅದೇ ಪರೀಕ್ಷೆ ಓಡಿಸಿ. 32ರವರೆಗೆ ಎಕ್ಸ್‌ಫ್ಯಾಟ್ ರಗಳೆಯೂ ಇಲ್ಲ. ಭಜನೆಗೂ ಬೇಕಾದಷ್ಟು ಜಾಗ ಉಳಿಯುತ್ತದೆ. 45 ನಿಮಿಷದ ಒಂದೊಂದು ಬದಿಯನ್ನು 15 ನಿಮಿಷದ ಮೂರು ತುಂಡು ಮಾಡಿ ಹಾಕಿ. ಕರೆಂಟ್ ಹೋಗಿ ಬಂದರೂ ಅಪ್ಪಯ್ಯ ಕೇಳಿ ಬಿಟ್ಟ ಜಾಗಕ್ಕೆ ನಂಬರ್ ಒತ್ತಿ ಹೋಗಬಹುದು. ತುಂಡು ಮಾಡುವಾಗ ಮಾತಿನ ನಡುವೆ ಕತ್ತರಿಸಬೇಡಿ, ಪದ್ಯ ಶುರುವಾಗುವ ಜಾಗ ಹುಡುಕಿ. ಒಂದೆರಡು ನಿಮಿಷ ಹೆಚ್ಚುಕಡಿಮೆ ಆದರೆ ಏನೂ ಇಲ್ಲ.

ವೇವ್ ಫೈಲುಗಳನ್ನು ಮಾತ್ರ ಅಳಿಸಬೇಡಿ. ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ, ಬೇರೆ ಮನೆಯಲ್ಲಿ ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ. ಅಣ್ಣನ ಮನೆ ಇದೆಯಲ್ಲ. ಮೆಮೊರಿ ಕಾರ್ಡನ್ನು ಕೇಳುವುದಕ್ಕೆ ಬಳಸಿ, ಕಾಪಾಡುವುದಕ್ಕೆ ಬಳಸಬೇಡಿ. ಅಸಲಿ ಕಾರ್ಡ್ ಕೂಡ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಅದರೊಳಗಿನ ವಿದ್ಯುತ್ ಕಣಗಳು ಸೋರಿ ಬರೆದದ್ದು ಮಾಸುತ್ತದೆ.

ಈಗ ಕ್ಯಾಸೆಟ್. ಒಂಬತ್ತನೆಯದರಲ್ಲಿ ಬಿದ್ದುಹೋಗಿರುವುದು ಪ್ರೆಶರ್ ಪ್ಯಾಡ್. ಟೇಪನ್ನು, ಅದರ ಸದ್ದು ಓದುವ ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಇಲ್ಲದಿದ್ದರೆ ಸದ್ದು ಮಂಕಾಗಿ ಬರುತ್ತದೆ, ಟೇಪಿಗೇನೂ ಆಗಿರುವುದಿಲ್ಲ. ಸ್ಕ್ರೂ ಇರುವ ಬೇರೆ ಒಳ್ಳೇ ಕ್ಯಾಸೆಟ್ ಒಂದನ್ನು ಬಿಚ್ಚಿ, ಈ ಟೇಪಿನ ಎರಡೂ ಚಕ್ರವನ್ನು ಅದರ ಚಿಪ್ಪಿಗೆ ವರ್ಗಾಯಿಸಿದರೆ ಮುಗಿಯಿತು. ಬಿಚ್ಚುವ ಮೊದಲು ಟೇಪ್ ಯಾವ ರೋಲರಿನ ಮೇಲೆ ಹಾದುಹೋಗಿದೆ ಎಂದು ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಹತ್ತನೆಯದನ್ನು ಯಾವ ಟೇಪ್‌ರೆಕಾರ್ಡರಿಗೂ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಹತ್ತುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ ಅಂಟುತ್ತದೆ. ಬಿಸಿಲಿಗೂ ಇಡಬೇಡಿ. ಒಣಗಿದ ಗಾಳಿಯಾಡುವ ಜಾಗದಲ್ಲಿ ಬೇರೆಯಾಗಿ ಇಡಿ, ಒಂಬತ್ತನೆಯದರ ಪೆಟ್ಟಿಗೆಯಲ್ಲಿ ಬೇಡ. ಎರಡರ ಬೆನ್ನಿನ ಅಂಚಿನಲ್ಲೂ ಪುಟ್ಟ ಪ್ಲಾಸ್ಟಿಕ್ ಚೂರುಗಳಿದ್ದರೆ ಮುರಿದುಬಿಡಿ, ತಪ್ಪಿಯೂ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ.

ನನ್ನ ಹತ್ತಿರ ಕೆಲಸ ಮಾಡುವ ಒಂದು ಕ್ಯಾಸೆಟ್ ಡೆಕ್ ಇದೆ, ಬೂಷ್ಟು ಹಿಡಿದ ಟೇಪನ್ನು ಕೈಯಲ್ಲಿ ನಿಧಾನಕ್ಕೆ ಸುತ್ತಿ ಒರೆಸಿ ಓಡಿಸಲು ಪ್ರತ್ಯೇಕವಾಗಿ ಇಟ್ಟದ್ದು, ಪ್ರತಿ ಸಲ ಹೆಡ್ ಸ್ವಚ್ಛ ಮಾಡುತ್ತೇನೆ. ಸಾಗರದ ಕಡೆ ಬರುವಾಗ ಎರಡನ್ನೂ ತನ್ನಿ. ಹಾರ್ಡ್ ಡಿಸ್ಕನ್ನೂ ತನ್ನಿ, ಅಲ್ಲೇ ವೇವ್ ಮಾಡಿ ಹಾಕಿಕೊಡುತ್ತೇನೆ. ಒಂದು ಬದಿ ಓಡಲು 45 ನಿಮಿಷ ಬೇಕೇ ಬೇಕು, ಬೆಳಿಗ್ಗೆಯೇ ಹೊರಡಿ. ಸಾಧ್ಯವಾದರೆ ಅಪ್ಪಯ್ಯನನ್ನೂ ಕರೆತನ್ನಿ. 9ಎ ನಕಲಿ ಕಾರ್ಡಿನಲ್ಲಿ ಎಲ್ಲಿ ತುಂಡಾಗಿತ್ತು, ಇದರಲ್ಲಿ ಎಲ್ಲಿಂದ ಸೇರಿಸಬೇಕು ಎನ್ನುವುದನ್ನು ಅವರು ಕೇಳಿಯೇ ಹೇಳುತ್ತಾರೆ.